ಉಕ್ಕಿಗೆ ಕೈ ಹಾಕುವ ಮುನ್ನ

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ಗುರುಗಳ ಮನೆಯ ಬಾಗಿಲಿಗೆ ಬಿಡುವಿರುವುದಿಲ್ಲ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ, ಈ ಕಡೆಯ ಯಾವ ಧರ್ಮಕೇಂದ್ರದ ಗುರುವನ್ನು ಕೇಳಿದರೂ ಇದೇ ಮಾತು ಹೇಳಿಯಾರು. ಅಂಕಪಟ್ಟಿಯ ಜೆರಾಕ್ಸ್ ಹಿಡಿದು ತಂದೆತಾಯಿ ಬರುತ್ತಾರೆ. ಮಗನೋ ಮಗಳೋ ಅವರ ಹಿಂದೆ ನೆಲ ನೋಡುತ್ತಾ ನಿಂತಿರುತ್ತಾರೆ. "ಸ್ವಾಮಿ, ಮುಂದೇನು ಓದಿಸೋಣ, ನೀವೇ ಹೇಳಿ" ಎಂದು ತಂದೆ ಕೇಳುತ್ತಾರೆ. ನಾಲ್ಕು ಮಾತಾಡುವಷ್ಟರಲ್ಲಿ ತಿಳಿಯುತ್ತದೆ: ಏನು ಓದಿಸಬೇಕೆಂಬುದು ಮನೆಯಲ್ಲಿ ಆಗಲೇ ತೀರ್ಮಾನವಾಗಿದೆ, ಕಾಲೇಜಿನ ಅರ್ಜಿಯೂ ಬಂದಿದೆ, ಗುರುಗಳ ಬಾಯಿಂದ "ಆಗಲಿ" ಎಂಬ ಒಂದು ಮಾತು ಬೇಕಾಗಿದೆ, ಅಷ್ಟೆ. ಓದಬೇಕಾದ ಮಗುವನ್ನು ಇನ್ನೂ ಯಾರೂ ಕೇಳಿಲ್ಲ.

ತೀರ್ಮಾನ ಹೇಗಾಯಿತು ಎಂದು ವಿಚಾರಿಸಿದರೆ ಉತ್ತರಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಎದುರು ಮನೆಯ ಹುಡುಗ ಸೈನ್ಸ್ ತೆಗೆದುಕೊಂಡ. ದೊಡ್ಡಪ್ಪ ಹೇಳಿದರು. ಆ ಕಾಲೇಜಿಗೆ ನಮ್ಮ ಸ್ಟಾಪಿನಿಂದಲೇ ಬಸ್ಸಿದೆ. ಈ ಮೂರನೆಯ ಕಾರಣ ಕೇಳಿ ನಗಬೇಡಿ. ಮೂರರಲ್ಲಿ ಸ್ವಲ್ಪವಾದರೂ ಯೋಚನೆ ಇರುವುದು ಅದರಲ್ಲೇ.

ನಮ್ಮ ಭಾಷೆಯಲ್ಲಿ 'ವಿವೇಕ' ಎಂಬ ಒಳ್ಳೆಯ ಮಾತಿದೆ. ಅದರ ಮೂಲ ಅರ್ಥವೇ ಬೇರ್ಪಡಿಸುವುದು ಎಂದು. ಮೊರದಲ್ಲಿ ಅಕ್ಕಿ ಕೇರುವ ತಾಯಿ ಮಾಡುವ ಕೆಲಸ ಅದು: ಹೊಟ್ಟು ಒಂದು ಕಡೆ, ನುಚ್ಚು ಒಂದು ಕಡೆ, ಕಲ್ಲು ಒಂದು ಕಡೆ. ಕೇರದೆ ಒಲೆಗೆ ಹಾಕಿದರೆ ಅನ್ನವೇನೋ ಆಗುತ್ತದೆ. ಕಲ್ಲು ಬಾಯಿಗೆ ಸಿಕ್ಕಾಗ ಬೈಯುವುದು ಅಕ್ಕಿಯನ್ನು. ಓದಿನ ವಿಷಯದಲ್ಲೂ ಕೆಲಸದ ವಿಷಯದಲ್ಲೂ ನಮ್ಮ ಮನೆಗಳಲ್ಲಿ ನಡೆಯುವುದು ಬಹುಮಟ್ಟಿಗೆ ಇದೇ. ಹುಡುಗ ದಡ್ಡ, ಕಾಲೇಜು ಸರಿಯಿಲ್ಲ, ಕಾಲ ಕೆಟ್ಟಿದೆ ಎನ್ನುತ್ತೇವೆ. ಕೇರಲಿಲ್ಲ ಎನ್ನುವುದಿಲ್ಲ.

ಈ ವಿದ್ಯೆಯನ್ನು ಕಲಿಯಲು ದೂರ ಹೋಗಬೇಕಿಲ್ಲ. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. ಜಿ.ಟಿ.ಟಿ.ಸಿ. ಎಂದರೆ ಈ ಭಾಗದ ಹುಡುಗರಿಗೆಲ್ಲ ಗೊತ್ತು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಆರಂಭವಾದದ್ದು. ಮುಂದೆ ರಾಜ್ಯದ ಬೇರೆ ಊರುಗಳಲ್ಲೂ ಶಾಖೆಗಳನ್ನು ತೆರೆಯಿತು. ಎಸ್.ಎಸ್.ಎಲ್.ಸಿ. ಮುಗಿಸಿದವರಿಗೆ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ. ಮೂರು ವರ್ಷ ಅಲ್ಲಿ ಕಲಿಕೆ, ನಾಲ್ಕನೆಯ ವರ್ಷ ಕಾರ್ಖಾನೆಯಲ್ಲಿ ತರಬೇತಿ. ಪೀಣ್ಯ, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಯ ವರ್ಕ್‌ಶಾಪುಗಳಲ್ಲಿ ದುಡಿಯುವ ನಮ್ಮ ಜನರಿಗೆ ಡೈ ಎಂದರೇನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ತಗಡನ್ನು ಒಂದೇ ಏಟಿಗೆ ಒಂದೇ ಅಳತೆಗೆ ಸಾವಿರಾರು ಸಲ ಕತ್ತರಿಸಬೇಕಾದರೆ ಮೇಲೊಂದು ಪಂಚ್, ಕೆಳಗೊಂದು ಡೈ ಬೇಕು. ನಿಮ್ಮ ಮನೆಯ ಸ್ವಿಚ್ಚಿನೊಳಗಿನ ಸಣ್ಣ ಹಿತ್ತಾಳೆ ಪಟ್ಟಿ ಬಂದದ್ದು ಹಾಗೆ.

ಡೈ ಮಾಡುವವನು ಮೊದಲು ಏನು ಮಾಡುತ್ತಾನೆ? ಮೆಷಿನ್ ಹತ್ತಿರ ಹೋಗುವುದಿಲ್ಲ. ಡ್ರಾಯಿಂಗ್ ಹರಡಿಕೊಂಡು ಕೂರುತ್ತಾನೆ. ಯಾವ ಅಳತೆ ಕೂದಲೆಳೆಯಷ್ಟೂ ತಪ್ಪಬಾರದು, ಯಾವುದು ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆಯುತ್ತದೆ ಎಂದು ನೋಡುತ್ತಾನೆ. ಎಲ್ಲ ಅಳತೆಯೂ ಒಂದೇ ಬಿಗಿಯಲ್ಲಿರುವುದಿಲ್ಲ. ಎಲ್ಲದಕ್ಕೂ ಒಂದೇ ಶ್ರಮ ಹಾಕುವವನು ಜಾಬ್ ಮುಗಿಸುವುದಿಲ್ಲ. ತಗಡಿನ ದಪ್ಪ ನೋಡಿ ಪಂಚಿಗೂ ಡೈಗೂ ನಡುವೆ ಎಷ್ಟು ಸಂದು ಬಿಡಬೇಕೆಂದು ಲೆಕ್ಕ ಹಾಕುತ್ತಾನೆ. ಆಮೇಲೆ ಯಾವ ಕೆಲಸದ ಹಿಂದೆ ಯಾವ ಕೆಲಸ ಎಂದು ಸಾಲಾಗಿ ಬರೆಯುತ್ತಾನೆ.

ಈ ಸಾಲಿನಲ್ಲೇ ಇಡೀ ವಿದ್ಯೆಯಿದೆ. ಉಕ್ಕಿನ ತುಂಡನ್ನು ಮಿಲ್ಲಿಂಗ್‌ನಲ್ಲಿ ಅಳತೆಗೆ ತರುವುದು, ತೂತು ಕೊರೆಯುವುದು, ತೂತಿಗೆ ಟ್ಯಾಪ್ ಹಾಕಿ ಮರೆ ಕೊರೆಯುವುದು, ಇವೆಲ್ಲ ಮೊದಲು ಆಗಬೇಕು. ಆಮೇಲೆ ಹಾರ್ಡನಿಂಗ್. ಡೈ ಉಕ್ಕನ್ನು ಸುಮಾರು 1000 ಡಿಗ್ರಿಗೆ ಕಾಯಿಸಿ ತಣಿಸಿದ ಮೇಲೆ ಅದು ಬೇರೆಯೇ ಲೋಹವಾದಂತೆ ಗಟ್ಟಿಯಾಗುತ್ತದೆ. ಸಾಮಾನ್ಯ ಡ್ರಿಲ್ ಅದನ್ನು ಕಚ್ಚುವುದೇ ಇಲ್ಲ. ವೈರ್‌ಕಟ್ ಮೆಷಿನ್ ಗಟ್ಟಿಯಾದ ಉಕ್ಕನ್ನೂ ಕತ್ತರಿಸುತ್ತದೆ, ನಿಜ. ಆದರೆ ಆ ತಂತಿ ನುಗ್ಗಲು ಒಂದು ತೂತು ಬೇಕು, ಅದನ್ನು ಹಾರ್ಡನಿಂಗ್‌ಗೆ ಮುಂಚೆಯೇ ಕೊರೆದಿಟ್ಟಿರಬೇಕು. ಕಾಯಿಸಿದಾಗ ಉಕ್ಕು ಒಂದಿಷ್ಟು ಸೊಟ್ಟಗಾಗುತ್ತದೆಂದು ಗೊತ್ತಿರುವುದರಿಂದ ಕೊನೆಗೆ ಗ್ರೈಂಡಿಂಗ್‌ನಲ್ಲಿ ತೆಗೆಯಲೆಂದೇ ಮೈಮೇಲೆ ಸ್ವಲ್ಪ ಉಳಿಸಿರುತ್ತಾನೆ. ಎಲ್ಲ ಮುಗಿದ ಮೇಲೂ ಮಾಲು ತೆಗೆಯುವುದಿಲ್ಲ. ಪ್ರೆಸ್ಸಿಗೆ ಹಾಕಿ ನಾಲ್ಕು ತಗಡು ಹೊಡೆದು ಟ್ರಯಲ್ ನೋಡುತ್ತಾನೆ.

ಓದುಗ ಬಂಧುಗಳೇ, ಇದನ್ನು ಇಷ್ಟು ಉದ್ದಕ್ಕೆ ಹೇಳಿದ್ದು ಸುಮ್ಮನೆ ಅಲ್ಲ. ನಾವು ಕೈಗೊಳ್ಳುವ ಪ್ರತಿಯೊಂದು ದೊಡ್ಡ ಕೆಲಸದಲ್ಲೂ ಒಂದು ಹಾರ್ಡನಿಂಗ್ ಇದೆ. ಅದಕ್ಕೆ ಮುಂಚೆ ತಿದ್ದಬಹುದು, ಅದಾದ ಮೇಲೆ ತಿದ್ದುವುದು ಬಲು ಕಷ್ಟ. ಕಾಲೇಜಿನ ಫೀಸು ಕಟ್ಟಿದ ದಿನ, ಸಾಲದ ಕಾಗದಕ್ಕೆ ರುಜು ಹಾಕಿದ ದಿನ, ಇದ್ದ ಕೆಲಸಕ್ಕೆ ರಾಜೀನಾಮೆ ಕೊಟ್ಟ ದಿನ. ಆ ದಿನ ಯಾವುದೆಂದು ಮೊದಲೇ ಗುರುತಿಸಿಕೊಂಡವನು ಕೊರೆಯಬೇಕಾದ ತೂತುಗಳನ್ನೆಲ್ಲ ಅದಕ್ಕೆ ಮುಂಚೆ ಕೊರೆದುಕೊಳ್ಳುತ್ತಾನೆ. ನಮ್ಮ ತಂದೆತಾಯಿಗಳು ಸಾಮಾನ್ಯವಾಗಿ ಫೀಸು ಕಟ್ಟಿ ಬಂದ ಮೇಲೆ ಪಠ್ಯಪುಸ್ತಕ ತೆರೆದು ನೋಡುತ್ತಾರೆ.

ಒಂದು ಮನೆ, ಒಂದು ಅಂಕಪಟ್ಟಿ

ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳೋಣ. ಇದು ಯಾವುದೋ ಒಂದು ಕುಟುಂಬದ ಕತೆಯಲ್ಲ, ಹಲವು ಮನೆಗಳಲ್ಲಿ ಕಂಡದ್ದನ್ನು ಸೇರಿಸಿ ಕಟ್ಟಿದ್ದು. ನಮ್ಮದೇ ಎಂದು ಯಾರೂ ಬೇಸರ ಮಾಡಿಕೊಳ್ಳಬಾರದು. ತಂದೆ ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಾರೆ, ತಾಯಿ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿದ್ದಾರೆ. 2024ರ ಬೇಸಿಗೆ. ಮಗಳಿಗೆ ಎಸ್.ಎಸ್.ಎಲ್.ಸಿ.ಯಲ್ಲಿ 625ಕ್ಕೆ 465, ಎಂದರೆ ನೂರಕ್ಕೆ 74ಕ್ಕಿಂತ ಸ್ವಲ್ಪ ಮೇಲೆ. ದೊಡ್ಡಪ್ಪ ಫೋನಿನಲ್ಲೇ ತೀರ್ಪು ಕೊಟ್ಟರು: "ಸೈನ್ಸ್ ಕೊಡ್ಸು. ಸೈನ್ಸ್ ಮಾಡಿದವರು ನಾಳೆ ಬಿ.ಕಾಂ.ಗಾದ್ರೂ ಹೋಗ್ಬಹುದು. ಕಾಮರ್ಸ್ ಮಾಡಿದವರು ಇಂಜಿನಿಯರಿಂಗ್‌ಗೆ ಹೋಗೋಕಾಗುತ್ತಾ?"

ದೊಡ್ಡಪ್ಪನ ಮಾತಿನಲ್ಲಿ ಹುರುಳಿದೆ, ತಳ್ಳಿಹಾಕುವಂತಿಲ್ಲ. ಹೆಚ್ಚು ಬಾಗಿಲು ತೆರೆದಿಡುವ ದಾರಿ ಒಳ್ಳೆಯದೇ. ಆದರೆ ತೆರೆದ ಬಾಗಿಲಿಗೂ ಬಾಡಿಗೆಯಿದೆ. ಎರಡು ವರ್ಷ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಲಾರದೆ ಓದಿ ಕೊನೆಗೆ ಬಿ.ಕಾಂ.ಗೆ ಬರುವ ಹುಡುಗಿ ಬರುವಾಗ ಏನನ್ನು ಕಳೆದುಕೊಂಡು ಬರುತ್ತಾಳೆ ಎಂಬುದು ಆ ಲೆಕ್ಕದಲ್ಲಿ ಬಂದಿಲ್ಲ. ಇನ್ನೊಂದು ಮಾತು: ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಿದವರು ಡಿ.ಸಿ.ಇ.ಟಿ. ಬರೆದು ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೇ ಸೇರಬಹುದು. ಇಂಜಿನಿಯರಿಂಗ್ ಮನೆಗೆ ಇರುವುದು ಪಿ.ಯು. ಸೈನ್ಸ್ ಎಂಬ ಒಂದೇ ಬಾಗಿಲಲ್ಲ.

ಈಗ ಅಂಕಪಟ್ಟಿಯನ್ನು ಕೇರೋಣ. ಕನ್ನಡ 125ಕ್ಕೆ 112. ಇಂಗ್ಲಿಷ್ 76, ಹಿಂದಿ 88, ಸಮಾಜ ವಿಜ್ಞಾನ 82. ವಿಜ್ಞಾನ 56, ಗಣಿತ 51. ಒಟ್ಟು ಮೊತ್ತ ಏನನ್ನು ಮುಚ್ಚಿಟ್ಟಿತ್ತು ನೋಡಿ. ಭಾಷೆಗಳು ಎತ್ತಿ ಹಿಡಿದ ಅಂಕ ಅದು. ಇದನ್ನು ಕಂಡೊಡನೆ ತಾಯಿ "ಅಯ್ಯೋ, ಇವಳಿಗೆ ಲೆಕ್ಕ ತಲೆಗೇ ಹತ್ತಲ್ಲ ಬಿಡಿ ಸ್ವಾಮಿ" ಎಂದುಬಿಡುತ್ತಾರೆ. ಮಗಳೂ ತಲೆಯಾಡಿಸುತ್ತಾಳೆ. ದೊಡ್ಡಪ್ಪ 74 ನೋಡಿ ತೀರ್ಪು ಕೊಟ್ಟರು, ತಾಯಿ 51 ನೋಡಿ ತೀರ್ಪು ಕೊಟ್ಟರು. ಕೇರುವ ಕೆಲಸ ಇಬ್ಬರದ್ದೂ ಅರ್ಧಕ್ಕೇ ನಿಂತಿತು.

ಪರೀಕ್ಷಾ ಮಂಡಳಿಗೆ ಶುಲ್ಕ ಕಟ್ಟಿದರೆ ಉತ್ತರಪತ್ರಿಕೆಯ ಪ್ರತಿ ಸಿಗುತ್ತದೆ. ಅಂಕ ಹೆಚ್ಚಿಸಿಕೊಳ್ಳಲು ಮಾತ್ರ ಅದನ್ನು ತರಿಸುವುದು ನಮ್ಮ ರೂಢಿ. ಈ ಮನೆಯವರು ಓದಲು ತರಿಸಿದರು. 51ರಲ್ಲಿ ಶಾಲೆ ಕೊಟ್ಟ ಆಂತರಿಕ ಅಂಕ 18, ಬರೆದು ಗಳಿಸಿದ್ದು 80ಕ್ಕೆ 33. ಪತ್ರಿಕೆ ತಿರುವಿದಾಗ ಕಂಡದ್ದು ಬೇರೆಯೇ. ನಾಲ್ಕು ಅಂಕದ ನಾಲ್ಕು ಪ್ರಶ್ನೆ, ಐದು ಅಂಕದ ಒಂದು, ಮೂರು ಅಂಕದ ಐದು, ಒಟ್ಟು 36 ಅಂಕದಷ್ಟು ಪ್ರಶ್ನೆಗಳನ್ನು ಆಕೆ ಮುಟ್ಟಿಯೇ ಇಲ್ಲ. ಮುಟ್ಟಿದ 44 ಅಂಕಗಳಲ್ಲಿ 33 ಬಂದಿವೆ. ಮುಕ್ಕಾಲು ಪಾಲು! ಯಾಕಮ್ಮಾ ಬಿಟ್ಟೆ ಎಂದು ತಂದೆ ಕೇಳಿದರು. ನವೆಂಬರಿನಲ್ಲಿ ಮೂರು ವಾರ ಜ್ವರವಾಗಿ ಮಲಗಿದ್ದಾಗ ನಡೆದ ಪಾಠಗಳು ಅವು. ತ್ರಿಕೋನಮಿತಿ, ಮೇಲ್ಮೈ ವಿಸ್ತೀರ್ಣ. ಎದ್ದ ಮೇಲೆ ಯಾರೂ ಹೇಳಿಕೊಡಲಿಲ್ಲ, ಅವಳು ಕೇಳಲಿಲ್ಲ. ಬಿಡಿಸಲು ಸಮಯವೂ ಉಳಿದಿರಲಿಲ್ಲ ಎಂದಳು; ಗೊತ್ತಿಲ್ಲದ ಒಂದು ಪ್ರಶ್ನೆಯ ಮುಂದೆ ಇಪ್ಪತ್ತು ನಿಮಿಷ ಕುಳಿತಿದ್ದಳಂತೆ.

'ಲೆಕ್ಕ ಬಾರದು' ಎಂಬ ಒಂದು ಮಾತು ಹೀಗೆ ಮೂರು ತುಂಡಾಯಿತು. ಕಲಿಯದೇ ಬಿಟ್ಟ ಪಾಠ ಒಂದು, ಸಮಯ ಹಂಚಿಕೊಳ್ಳಲು ತಿಳಿಯದ್ದು ಒಂದು, ಗೊತ್ತಿದ್ದರೂ ಅವಸರದಲ್ಲಿ ತಪ್ಪಿದ್ದು ಒಂದು. ಮೂರಕ್ಕೂ ಮದ್ದು ಬೇರೆ ಬೇರೆ. ಕಲಿಯದ್ದಕ್ಕೆ ಕಲಿಸುವವರು ಬೇಕು. ಸಮಯಕ್ಕೆ ಗಡಿಯಾರ ಇಟ್ಟುಕೊಂಡು ಹಳೆಯ ಪತ್ರಿಕೆ ಬಿಡಿಸುವ ಅಭ್ಯಾಸ ಬೇಕು, ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಶ್ನೆಪತ್ರಿಕೆ ಓದಲೆಂದೇ 15 ನಿಮಿಷ ಕೊಡುತ್ತಾ ಬಂದಿದ್ದಾರೆ, ಅದು ಡ್ರಾಯಿಂಗ್ ಹರಡಿಕೊಂಡು ಕೂರುವ ಹೊತ್ತು, ಪಕ್ಕದವಳನ್ನು ನೋಡುವ ಹೊತ್ತಲ್ಲ. ಅವಸರಕ್ಕೆ ಬರೆದದ್ದನ್ನು ಮತ್ತೊಮ್ಮೆ ನೋಡುವ ತಾಳ್ಮೆ ಬೇಕು. ಮೂರಕ್ಕೂ ಸೇರಿಸಿ "ಟ್ಯೂಷನ್ನಿಗೆ ಹಾಕಿ" ಎಂದರೆ ದುಡ್ಡು ಹೋಗುತ್ತದೆ, ರೋಗ ಉಳಿಯುತ್ತದೆ.

ಟ್ಯೂಷನ್ನಿನ ಮಾತು ಬಂದದ್ದರಿಂದ ಒಂದು ಸಣ್ಣ ಲೆಕ್ಕ. ಕೆಂಗೇರಿಯ ಒಬ್ಬ ಹುಡುಗ ಬೆಳಗ್ಗೆ 8ಕ್ಕೆ ಮನೆ ಬಿಟ್ಟರೆ ಸಂಜೆ ನಾಲ್ಕೂವರೆಗೆ ಬರುತ್ತಾನೆ, ಎಂಟೂವರೆ ಗಂಟೆ. ನಿದ್ದೆಗೆ ಎಂಟು. ಸ್ನಾನ, ಊಟ, ಆಟಕ್ಕೆ ಎರಡೂವರೆ. ಉಳಿದದ್ದು ಐದು. ಟ್ಯೂಷನ್ನಿಗೆ ಹೋಗಿಬರಲು ಎರಡು ಹೋಯಿತು. ಮೂರು ಗಂಟೆಯನ್ನು ಆರು ವಿಷಯಗಳಿಗೆ ಸಮನಾಗಿ ಹಂಚಿದರೆ ಒಂದಕ್ಕೆ ಅರ್ಧ ಗಂಟೆ. ಬರುವ ವಿಷಯಕ್ಕೂ ಅರ್ಧ, ಬಾರದ್ದಕ್ಕೂ ಅರ್ಧ! ಗೋಡೆಗೆ ಅಂಟಿಸುವ ಅಂದದ ವೇಳಾಪಟ್ಟಿಗಳು ಬಹಳ ಮಟ್ಟಿಗೆ ಹೀಗಿರುತ್ತವೆ. ಬಿಗಿಯಾದ ಅಳತೆಗೂ ಸಡಿಲ ಅಳತೆಗೂ ಒಂದೇ ಶ್ರಮ ಹಾಕುವ ಫಿಟ್ಟರನಂತೆ.

ನಮ್ಮ ಹುಡುಗಿಯ ಮನೆಗೆ ಮರಳೋಣ. ಪಕ್ಕದ ಬೀದಿಯ ಅಕ್ಕನೊಬ್ಬಳಿಂದ ಪ್ರಥಮ ಪಿ.ಯು.ಸಿ.ಯ ಗಣಿತ, ಭೌತಶಾಸ್ತ್ರ, ಲೆಕ್ಕಶಾಸ್ತ್ರ ಪುಸ್ತಕಗಳನ್ನು ಎರಡು ವಾರದ ಮಟ್ಟಿಗೆ ಎರವಲು ತಂದರು. ಪ್ರತಿಯೊಂದರಲ್ಲೂ ಒಂದು ಪಾಠ ಓದಿ ಲೆಕ್ಕ ಬಿಡಿಸಿ ನೋಡಿದಳು. ಖರ್ಚಿಲ್ಲದ ಟ್ರಯಲ್ ಅದು. ಕೊನೆಗೆ ಏನಾಯಿತು ಎಂದು ಕೇಳುತ್ತೀರಿ. ಕಾಮರ್ಸ್ ತೆಗೆದುಕೊಂಡಳು. ಆದರೆ ಮೊದಲು ಮನಸ್ಸಿನಲ್ಲಿದ್ದಂತೆ ಲೆಕ್ಕಕ್ಕೆ ಹೆದರಿ ಇತಿಹಾಸವಿರುವ ವಿಭಾಗಕ್ಕೆ ಹೋಗಲಿಲ್ಲ. ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರದ ಜೊತೆಗೆ ಸಂಖ್ಯಾಶಾಸ್ತ್ರವಿರುವುದನ್ನು ಆರಿಸಿದಳು. ಬಿಟ್ಟುಹೋದ ಎರಡು ಪಾಠಗಳನ್ನು ರಜೆಯಲ್ಲೇ ಕಲಿತಳು. ದೊಡ್ಡಪ್ಪನಿಗೆ ಇನ್ನೂ ಸಮಾಧಾನವಿಲ್ಲ. ಇರಲಿ, ಅವರೂ ಮಗುವಿನ ಒಳ್ಳೆಯದನ್ನೇ ಬಯಸಿದವರು.

ಮಾವ ಕೇಳಿದ ಪ್ರಶ್ನೆ

ಒಂದು ಕೆಲಸವನ್ನು ಬಿಡಿಸಿ ನೋಡುವುದರಲ್ಲಿ ಪವಿತ್ರ ಬೈಬಲಿನ ಅತ್ಯಂತ ಪ್ರಾಯೋಗಿಕ ಮನುಷ್ಯ ಯಾರೆಂದು ಕೇಳಿದರೆ ನಾನು ಮೋಶೆಯ ಮಾವ ಇತ್ರೋನ ಹೆಸರು ಹೇಳುತ್ತೇನೆ. ವಿಮೋಚನಾಕಾಂಡದ 18ನೆಯ ಅಧ್ಯಾಯ ಓದಿ ನೋಡಿ. ಅಳಿಯ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯ ಬಗೆಹರಿಸುತ್ತಿದ್ದಾನೆ, ಜನ ದಿನವಿಡೀ ಸಾಲು ನಿಂತಿದ್ದಾರೆ. ಇತ್ರೋ ಬಂದವನೇ ಬುದ್ಧಿ ಹೇಳಲಿಲ್ಲ. ಒಂದು ದಿನ ಪೂರ್ತಿ ನೋಡಿದ. ಆಮೇಲೆ, ನೀನು ಮಾಡುತ್ತಿರುವುದು ಏನು, ಒಬ್ಬನೇ ಯಾಕೆ ಮಾಡುತ್ತಿದ್ದೀಯೆ ಎಂದು ಕೇಳಿದ. ಉತ್ತರ ಕೇಳಿಸಿಕೊಂಡ. ಹೀಗೇ ನಡೆದರೆ ನೀನೂ ಬಳಲುತ್ತೀಯೆ, ಜನರೂ ಬಳಲುತ್ತಾರೆ ಎಂದ. ನಂತರ ಕೆಲಸವನ್ನು ತುಂಡು ಮಾಡಿದ: ದೇವರ ಮುಂದೆ ಜನರ ಪರವಾಗಿ ನಿಲ್ಲುವುದು, ವಿಧಿಗಳನ್ನು ಕಲಿಸುವುದು ಮೋಶೆಯೇ ಮಾಡಬೇಕಾದವು, ದಿನನಿತ್ಯದ ಸಣ್ಣ ವ್ಯಾಜ್ಯ ಬೇರೆಯವರೂ ಮಾಡಬಹುದಾದವು. ಅದಕ್ಕೆ ಲಂಚ ಮುಟ್ಟದ, ದೇವರಿಗೆ ಅಂಜುವ ಸಮರ್ಥರನ್ನು ಆರಿಸಿ ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ ಎಂದು ನೇಮಿಸಲು ಹೇಳಿದ. ಕಠಿಣವಾದದ್ದು ಮಾತ್ರ ಮೋಶೆಯ ಬಳಿಗೆ. ಮಾವನ ಮಾತನ್ನು ಅಳಿಯ ಹಾಗೆಯೇ ಕೇಳಿದ ಎಂಬುದನ್ನೂ ಗಮನಿಸಬೇಕು. ಅದೂ ದೊಡ್ಡ ವಿಷಯವೇ.

ಈ ಅಧ್ಯಾಯವನ್ನು ಕಚೇರಿಗಳ ಮ್ಯಾನೇಜರುಗಳಿಗೆ ಪಾಠ ಹೇಳುವವರು ಬಳಸುತ್ತಾರೆ. ನನಗೆ ನೆನಪಾಗುವುದು ನಮ್ಮ ಅಡುಗೆಮನೆ. ಮೇಲೆ ಹೇಳಿದ ಗಾರ್ಮೆಂಟ್ಸ್ ತಾಯಿಯಂಥವರು ಬೆಳಗ್ಗೆ 5ಕ್ಕೆ ಏಳುತ್ತಾರೆ. ನೀರು ಬಿಡುವ ದಿನವಾದರೆ ಇನ್ನೂ ಮುಂಚೆ. ತಿಂಡಿ, ಮಧ್ಯಾಹ್ನದ ಡಬ್ಬಿ, ಬಟ್ಟೆ, ಮಕ್ಕಳನ್ನು ಎಬ್ಬಿಸುವುದು, ಎಲ್ಲ ಮುಗಿಸಿ ಎಂಟೂವರೆಗೆ ಬಸ್ಸು ಹಿಡಿಯಬೇಕು, ತಡವಾದರೆ ಸಂಬಳದಲ್ಲಿ ಮುರಿಯುತ್ತಾರೆ. ಸಂಜೆ ಬಂದ ಮೇಲೆ ಮತ್ತೆ ಅದೇ. ಮನೆಯವರೆಲ್ಲ ಒಂದು ಭಾನುವಾರ ಕುಳಿತು ಈ ಬೆಳಗಿನ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದರೆ ಇಪ್ಪತ್ತಕ್ಕೆ ಕಡಿಮೆ ಬರುವುದಿಲ್ಲ. ಅದರಲ್ಲಿ ತಾಯಿಯೇ ಮಾಡಬೇಕಾದದ್ದು ಎಷ್ಟು? ಹುರುಳಿಕಾಯಿ ಹಿಂದಿನ ರಾತ್ರಿ ಟಿ.ವಿ. ಮುಂದೆ ಕುಳಿತವರು ಬಿಡಿಸಬಹುದು. ಡಬ್ಬಿ ತೊಳೆದಿಡುವುದು ತಿಂದವರ ಕೆಲಸ. ನೀರು ಹಿಡಿಯಲು ಹದಿನೈದು ವರ್ಷದ ಮಗನಿಗೆ ಕೈಯಿದೆ. ಇತ್ರೋ ಇಂದು ಅಳಿಯನ ಮನೆಗೆ ಬಂದರೆ ಕೇಳುವ ಪ್ರಶ್ನೆ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಕೇಳುತ್ತಾನೆ ಎಂದು ನನಗೆ ಅನ್ನಿಸುತ್ತದೆ.

ಮೂರು ಮೆಟ್ಟಿಲು

ಹದಿಮೂರನೆಯ ಶತಮಾನದಲ್ಲಿ ಸಂತ ತೋಮಾಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ಬಿಡಿಸುತ್ತಾ ಅದಕ್ಕೆ ಮೂರು ಕೆಲಸಗಳಿವೆ ಎಂದರು. ಸಮಾಲೋಚನೆ, ನಿರ್ಣಯ, ಆಜ್ಞೆ. ವಿಚಾರಿಸು, ತೀರ್ಮಾನಿಸು, ಮಾಡಿಸು. ಮೂರನೆಯದೇ ಮುಖ್ಯ ಎಂದದ್ದು ಅವರ ವಿಶೇಷ. ಎಷ್ಟು ಚೆನ್ನಾಗಿ ಯೋಚಿಸಿದರೂ ಕೈ ಕೆಲಸಕ್ಕೆ ಇಳಿಯದಿದ್ದರೆ ಅದು ಇನ್ನೂ ವಿವೇಕವಾಗಲಿಲ್ಲ. ಬೆಳಗ್ಗೆ 5ಕ್ಕೆ ಎದ್ದು ಓದುತ್ತೇನೆಂದು ನಿರ್ಣಯಿಸಿ ಅಲಾರಂ ಆರಿಸಿ ಮಲಗುವ ಹುಡುಗನಿಗೆ ಎರಡು ಮೆಟ್ಟಿಲು ಸಿಕ್ಕಿವೆ, ಮೂರನೆಯದು ಜಾರಿದೆ. ಅವಸರವನ್ನು ಅವರು ಮೆಟ್ಟಿಲ ಮೇಲಿಂದ ಧುಮುಕುವುದಕ್ಕೆ ಹೋಲಿಸುತ್ತಾರೆ. ಹಿಂದಿನದರ ನೆನಪು, ಇಂದಿನದರ ತಿಳಿವು, ಮುಂದೆ ಬರುವುದರ ಬಗ್ಗೆ ಚುರುಕು, ಹಿರಿಯರಿಂದ ಕಲಿಯುವ ಮನಸ್ಸು, ಒಂದರಿಂದ ಒಂದನ್ನು ಹೋಲಿಸುವ ತರ್ಕ, ಇವು ಮೆಟ್ಟಿಲುಗಳು. ಇವನ್ನು ಬಿಟ್ಟು ಧುಮುಕುವವನು ನೆಲಕ್ಕೇನೋ ಬೇಗ ಬರುತ್ತಾನೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ.

ಎರಡು ಒಳ್ಳೆಯ ದಾರಿಗಳ ನಡುವೆ ಆರಿಸಬೇಕಾದಾಗ ಲೊಯೊಲಾದ ಸಂತ ಇಗ್ನಾಸಿಯವರ ಕ್ರಮ ಇನ್ನೂ ಹತ್ತಿರದ್ದು. 1521ರಲ್ಲಿ ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಹಾಸಿಗೆ ಹಿಡಿದ ಸೈನಿಕ, ತನ್ನ ಮನಸ್ಸು ಯಾವಾಗ ಎತ್ತ ಹೋಗುತ್ತದೆಂದು ನೋಡುತ್ತಾ ಮಲಗಿ ಕಲಿತ ವಿದ್ಯೆ ಅದು. ಅವರ ಆಧ್ಯಾತ್ಮಿಕ ಸಾಧನೆಗಳ ಪುಸ್ತಕಕ್ಕೆ 1548ರಲ್ಲಿ ಜಗದ್ಗುರು ಮೂರನೆಯ ಪೌಲರು ಒಪ್ಪಿಗೆ ಕೊಟ್ಟರು. ತೀರ್ಮಾನಿಸಬೇಕಾದ ವಿಷಯವನ್ನು ಸ್ಪಷ್ಟವಾಗಿ ಮುಂದಿಟ್ಟುಕೋ. ಮನಸ್ಸನ್ನು ತಕ್ಕಡಿಯ ಮುಳ್ಳಿನಂತೆ ನಡುವೆ ನಿಲ್ಲಿಸು. ಇದನ್ನು ಮಾಡಿದರೆ ಲಾಭವೇನು, ನಷ್ಟವೇನು, ಮಾಡದಿದ್ದರೆ ಲಾಭವೇನು, ನಷ್ಟವೇನು ಎಂದು ನಾಲ್ಕು ಕಡೆಯಿಂದ ನೋಡು ಎನ್ನುತ್ತಾರೆ. ಎಂದೂ ಕಾಣದ ಒಬ್ಬ ಅಪರಿಚಿತ ಇದೇ ತೊಡಕಿನಲ್ಲಿ ನಿನ್ನ ಬಳಿ ಬಂದರೆ ಏನು ಹೇಳುತ್ತೀಯೆ, ಅದನ್ನೇ ನೀನು ಮಾಡು ಎಂಬುದು ಇನ್ನೊಂದು ಸಲಹೆ. ಈ ಅಪರಿಚಿತನ ಉಪಾಯ ಬಹಳ ಒಳ್ಳೆಯದು. ನಮ್ಮ ಮಕ್ಕಳ ವಿಷಯದಲ್ಲಿ ಕಾಣದ್ದು ಪಕ್ಕದ ಮನೆಯ ಮಕ್ಕಳ ವಿಷಯದಲ್ಲಿ ನಮಗೆ ಎಷ್ಟು ಬೇಗ ಕಾಣುತ್ತದೆ!

ದುಡಿಯುವವರು ನೆನಪಿಡಬೇಕಾದ ಅವರ ಇನ್ನೊಂದು ನಿಯಮವಿದೆ. ಮನಸ್ಸು ಕುಗ್ಗಿರುವಾಗ, ಕತ್ತಲೆ ಕವಿದಂತಿರುವಾಗ, ಹಿಂದೆ ಶಾಂತವಾಗಿ ಮಾಡಿದ ತೀರ್ಮಾನವನ್ನು ಬದಲಿಸಬಾರದು. ಸೂಪರ್‌ವೈಸರ್ ಎಲ್ಲರ ಮುಂದೆ ಬೈದ ಸಂಜೆ ರಾಜೀನಾಮೆ ಬರೆಯಬಾರದು. ಮೊದಲ ಟೆಸ್ಟಿನಲ್ಲಿ ಫೇಲಾದ ದಿನ ಕಾಲೇಜು ಬಿಡುವ ಮಾತಾಡಬಾರದು. ಬಿಡಬೇಕಾಗಬಹುದು, ಅದನ್ನು ನೆಟ್ಟಗೆ ಉಂಡು ನಿದ್ದೆ ಮಾಡಿ ಎದ್ದ ದಿನ ಯೋಚಿಸಬೇಕು.

ಕೆಲಸದ ವಿಷಯದಲ್ಲಿ ನಾಲ್ಕು ಕಡೆಯಿಂದ ನೋಡುವುದೆಂದರೆ ಹೀಗೆ. ವಿಜಯನಗರದ ಒಬ್ಬರಿಗೆ ಬಿಡದಿ ಕಡೆಯ ಕಾರ್ಖಾನೆಯಲ್ಲಿ ತಿಂಗಳಿಗೆ 3000 ರೂಪಾಯಿ ಹೆಚ್ಚು ಸಂಬಳಕ್ಕೆ ಕರೆ ಬಂದಿದೆ ಎನ್ನೋಣ. ದಿನಕ್ಕೆ ಒಂದೂವರೆ ಗಂಟೆ ಹೆಚ್ಚು ಪ್ರಯಾಣ, 26 ದಿನಕ್ಕೆ 39 ಗಂಟೆ. ಪ್ರಯಾಣದ ಖರ್ಚು 1000 ಹೆಚ್ಚು. ಉಳಿದ 2000ವನ್ನು 39ರಿಂದ ಭಾಗಿಸಿದರೆ ಗಂಟೆಗೆ 51 ರೂಪಾಯಿ. ಮಕ್ಕಳ ಜೊತೆ ಕೂರುವ ಹೊತ್ತನ್ನು ಆ ಬೆಲೆಗೆ ಮಾರುತ್ತಾರೆಯೇ? ಬೇಡವೆಂದೇ ಹೇಳುತ್ತಿಲ್ಲ. ಈಗಿನ ಕಡೆ ಪಿ.ಎಫ್., ಇ.ಎಸ್.ಐ. ಇಲ್ಲದೆ ಅಲ್ಲಿ ಇದ್ದರೆ, ಲೇತ್ ಬಿಟ್ಟು ಸಿ.ಎನ್.ಸಿ. ಕಲಿಯುವ ಅವಕಾಶವಿದ್ದರೆ, ತಕ್ಕಡಿ ಆ ಕಡೆಗೇ ವಾಲೀತು. ಮನೆಯಲ್ಲಿ ಕಾಯಿಲೆಯವರಿದ್ದು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ಅಲೆಯುವವರಿಗೆ ಆ ಒಂದು ಕಾರ್ಡಿನ ಬೆಲೆ 3000ಕ್ಕಿಂತ ಹೆಚ್ಚು. 3000 ಎಂಬ ಒಂದೇ ಅಂಕಿಯನ್ನು ನೋಡಿ ಹೋಗುವುದೂ ತಪ್ಪು, ದೂರ ಎಂಬ ಒಂದೇ ಮಾತಿಗೆ ಬಿಡುವುದೂ ತಪ್ಪು.

ತಿದ್ದಬಹುದಾದ ತೀರ್ಮಾನ, ತಿದ್ದಲಾಗದ ತೀರ್ಮಾನ ಎಂದು ಇಗ್ನಾಸಿಯವರೂ ಬೇರೆ ಮಾಡುತ್ತಾರೆ. ಮದುವೆ, ಗುರುದೀಕ್ಷೆ ಒಂದು ಬಗೆ. ಉಳಿದವು ಇನ್ನೊಂದು ಬಗೆ. ಇದಕ್ಕೆ ನಮ್ಮ ನಾಡಿನದೇ ದೊಡ್ಡ ಉದಾಹರಣೆ ಕನ್ನಂಬಾಡಿ ಕಟ್ಟೆ. 1911ರಲ್ಲಿ ಕೆಲಸ ಆರಂಭವಾದಾಗ ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಇಂಜಿನಿಯರ್, ಮರುವರ್ಷ ದಿವಾನರಾದರು. ಮೈಸೂರು ಬಯಸಿದ್ದು ಸುಮಾರು 41.5 ಟಿ.ಎಂ.ಸಿ. ನೀರು ನಿಲ್ಲುವ ಕಟ್ಟೆ. ಮದರಾಸು ಒಪ್ಪದೆ ಹೋದದ್ದರಿಂದ ಸಿಕ್ಕ ಅನುಮತಿ 11 ಟಿ.ಎಂ.ಸಿ.ಗೆ. ಕಟ್ಟುವಾಗ ಅಡಿಪಾಯವನ್ನು ಮಾತ್ರ ಮೊದಲು ಬಯಸಿದ್ದ ದೊಡ್ಡ ಕಟ್ಟೆಗೆ ತಕ್ಕಂತೆಯೇ ಹಾಕಿದರು. ಗೋಡೆಯನ್ನು ನಾಳೆ ಎತ್ತರಿಸಬಹುದು, ಅಡಿಪಾಯವನ್ನು ನಾಳೆ ಅಗಲಿಸಲಾಗದು. ಮದರಾಸಿನವರಿಗೆ ಇದರಿಂದ ಸಿಟ್ಟು ಬಂತು, ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಅವರ ಸಿಟ್ಟಿಗೂ ಕಾರಣವಿತ್ತು ಎನ್ನಬೇಕು. 1924ರ ಒಪ್ಪಂದದಲ್ಲಿ ಸುಮಾರು 44.8 ಟಿ.ಎಂ.ಸಿ.ಗೆ ಒಪ್ಪಿಗೆ ದೊರೆತಾಗ ಕೆಳಗಿನ ಕಲ್ಲು ಆ ಭಾರ ಹೊರಲು ಸಿದ್ಧವಾಗಿತ್ತು.

ಹದಿನಾರು ವರ್ಷದ ಮಗುವಿಗೆ ಗೋಡೆ ಯಾವುದು, ಅಡಿಪಾಯ ಯಾವುದು? ಯಾವ ಕಾಲೇಜು, ಯಾವ ವಿಭಾಗ ಎಂಬುದು ಬಹುಮಟ್ಟಿಗೆ ಗೋಡೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಪುಟ ಓದಿ ಅರ್ಥ ಹೇಳುವುದು, ಭಿನ್ನರಾಶಿ ಮತ್ತು ಶೇಕಡಾ ಲೆಕ್ಕ ತಪ್ಪಿಲ್ಲದೆ ಮಾಡುವುದು, ಹಿಡಿದ ಕೆಲಸ ಮುಗಿಸುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬಾಯಿಬಿಟ್ಟು ಕೇಳುವುದು, ಇವು ಅಡಿಪಾಯ. ನಾವು ಗೋಡೆಗೆ ಲಕ್ಷಗಟ್ಟಲೆ ಸಾಲ ಮಾಡುತ್ತೇವೆ.

ವಿಚಾರ ಎಷ್ಟು ದಿನ ಮಾಡಬೇಕೆಂದು ಕೆಲವರು ಕೇಳುತ್ತಾರೆ. ಕೊನೆಯಿಲ್ಲದೆ ಮಾಡುವಂತಿಲ್ಲ, ಪಿ.ಯು. ಪ್ರವೇಶಕ್ಕೂ ಡಿಪ್ಲೊಮಾಕ್ಕೂ ಕೊನೆಯ ದಿನಾಂಕಗಳಿವೆ, ಎರಡೂ ಬೇರೆ ಬೇರೆ. ಇವನ್ನು ವಿಚಾರಿಸಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಅದಕ್ಕೆ ಒಂದು ವಾರ ಮುಂಚಿನ ಒಂದು ಸಂಜೆಯನ್ನು ನಿಮ್ಮ ಮನೆಯ ಕೊನೆಯ ದಿನವೆಂದು ಇಟ್ಟುಕೊಳ್ಳಿ. ಅಷ್ಟರೊಳಗೆ ಉತ್ತರಪತ್ರಿಕೆ ನೋಡುವುದು, ಪುಸ್ತಕ ಎರವಲು ತಂದು ಪರೀಕ್ಷಿಸುವುದು, ಆ ದಾರಿಯಲ್ಲಿ ಹೋದವರಿಬ್ಬರನ್ನು, ಗೆದ್ದವರೊಬ್ಬರು ಬಿಟ್ಟು ಬಂದವರೊಬ್ಬರು, ಕಂಡು ಮಾತಾಡುವುದು ಮುಗಿದಿರಬೇಕು. ಆ ಸಂಜೆ ಊಟವಾದ ಮೇಲೆ ಟಿ.ವಿ. ಆರಿಸಿ ಎಲ್ಲರೂ ಕೂರಿ. ಮೊದಲು ಮಗು ಮಾತಾಡಲಿ, ಆಮೇಲೆ ತಾಯಿ, ಆಮೇಲೆ ತಂದೆ. ದೊಡ್ಡಪ್ಪನನ್ನೂ ಕರೆಯಿರಿ, ಕೊನೆಗೆ ಮಾತಾಡಲು ಹೇಳಿ.